ಹೇಮಾವತಿ ನನ್ನ ಆಣೆ ಮುರಿದದ್ದು

ಕಡೂರಿನಲ್ಲಿ ಪೈಪು, ಪಂಪ್‌ಸೆಟ್ಟು, ಮೋಟಾರು ಸಾಮಾನಿನ ಅಂಗಡಿ ಇಟ್ಟಿರುವ ಜಯದೇವಪ್ಪ ನಾನು. ಅಂಗಡಿಯ ಹಿಂದೆ ಮನೆ, ಅಂಗಡಿಯ ಮೇಲೆ ಒಂದು ದೊಡ್ಡ ಕೋಣೆ. ಆ ಕೋಣೆಯಲ್ಲಿ ಹೇಮಾವತಿ ಅನ್ನುವ ಹೆಂಗಸು ಮೂರ್ನಾಲ್ಕು ವರ್ಷ ಇದ್ದಳು. ಊರಲ್ಲಿ ಯಾರನ್ನು ಕೇಳಿದರೂ ಅವಳನ್ನು ಬಾಯಿ ತುಂಬ ಹೊಗಳುತ್ತಾರೆ. ಹೊಗಳಿಕೊಳ್ಳಲಿ, ಅವರ ಬಾಯಿ ಅವರದು. ಆದರೆ ಅವಳಿಗೆ ಜಾಗ ಕೊಟ್ಟವನು ನಾನು, ಅವಳಿಂದ ಕೆಟ್ಟದ್ದು ನನ್ನ ಮನೆ. ನನಗೆ ಗೊತ್ತಿರುವ ಹೇಮಾವತಿಯ ವಿಷಯವನ್ನು ನಾನು ಹೇಳುತ್ತೇನೆ. ಸಿಹಿ ಮಾತು ಬೇಕಾದವರು ಬೇರೆ ಕಡೆ ಹೋಗಬಹುದು.

ಅವಳನ್ನು ಕರೆದುಕೊಂಡು ಬಂದವನು ಪಕ್ಕದ ಬೇಕರಿಯ ರುದ್ರಮೂರ್ತಿ. "ತುಂಬಾ ಓದಿದೋರು ಕಣ್ರೀ ಜಯದೇವಣ್ಣ, ಕೌನ್ಸೆಲಿಂಗ್ ಮಾಡ್ತಾರೆ" ಅಂದ. ಕೌನ್ಸೆಲಿಂಗ್ ಅಂದರೆ ನನಗೆ ಗೊತ್ತಿದ್ದದ್ದು ಇಂಜಿನಿಯರಿಂಗ್ ಸೀಟಿನದು. ಹುಡುಗರಿಗೆ ಸೀಟು ಕೊಡಿಸುವ ಏಜೆಂಟ್ ಇರಬೇಕು, ನಾಲ್ಕು ಜನ ಓದಿದವರು ಬಂದು ಹೋದರೆ ಅಂಗಡಿಗೂ ಒಂದು ಕಳೆ ಅಂದುಕೊಂಡು ಬೀಗದ ಕೈ ಕೊಟ್ಟುಬಿಟ್ಟೆ. ಒಂದು ವಾರಕ್ಕೆ ಬೋರ್ಡು ಬಂತು. ಆಪ್ತ ಸಮಾಲೋಚನಾ ಕೇಂದ್ರ. ಏನಮ್ಮಾ ಇದು ಅಂತ ಕೇಳಿದೆ.

"ಮನಸ್ಸಿಗೆ ಕಷ್ಟ ಇರೋರು ಬಂದು ಮಾತಾಡ್ತಾರೆ ಅಣ್ಣ" ಅಂದಳು.

"ಮಾತಾಡೋಕೆ ಕೋಣೆ ಯಾಕಮ್ಮಾ? ಬಸ್‌ಸ್ಟ್ಯಾಂಡಲ್ಲಿ ಕೂತು ಮಾತಾಡಿದ್ರೆ ಆಗಲ್ವಾ?"

"ಅಲ್ಲಿ ಎಲ್ಲಾರೂ ಮಾತಾಡ್ತಾರೆ, ಕೇಳೋರು ಇರಲ್ಲ ಅಣ್ಣ" ಅಂದು ನಕ್ಕಳು. ಆ ನಗು ನನಗೆ ಅವತ್ತೇ ಹಿಡಿಸಲಿಲ್ಲ.

ನಲವತ್ತರ ಆಸುಪಾಸಿನ ಹೆಂಗಸು, ಗಂಜಿ ಹಾಕಿದ ನೂಲಿನ ಸೀರೆ, ಬಿಗಿಯಾಗಿ ಹೆಣೆದ ಜಡೆ. ಕೋಣೆಗೆ ಒಂದು ಟೇಬಲ್ಲು ಕುರ್ಚಿಯನ್ನಾದರೂ ತರುತ್ತಾಳೆ ಅಂತ ನೋಡಿದರೆ ತಂದದ್ದು ಚಾಪೆಗಳು ಮತ್ತು ಅಲ್ಯೂಮಿನಿಯಂ ಪಾತ್ರೆಗಳು. ಬಂದವರನ್ನು ಚಾಪೆಯ ಮೇಲೆ ಕೂರಿಸಿ, ಮುಂದೆ ಕೈಕೆಲಸ ಇಡುತ್ತಿದ್ದಳು. ಅವರೆಯ ಕಾಲದಲ್ಲಿ ನೆನೆಸಿದ ಅವರೆಕಾಳು, ಬೆರಳಲ್ಲಿ ಒತ್ತಿ ಸಿಪ್ಪೆ ಕಳಚಿ ಹಿದುಕಬೇಕು. ಬೇಸಿಗೆಯಲ್ಲಿ ಹುಣಸೆಹಣ್ಣು, ಬೀಜ ತೆಗೆಯಬೇಕು. ಉಳಿದ ಕಾಲದಲ್ಲಿ ಬೆಳ್ಳುಳ್ಳಿಯೋ ಕಡಲೆಕಾಯಿಯೋ. ಸೂಟು ಹಾಕಿಕೊಂಡು ಕಾರಿನಲ್ಲಿ ಬಂದವನಾದರೂ ಬಿಡುತ್ತಿರಲಿಲ್ಲ. ಕೈ ಆಡುತ್ತಿದ್ದರೆ ಮಾತು ತಾನಾಗಿ ಬರುತ್ತದಂತೆ, ಎದುರು ಬದುರು ಕೂತು ಮುಖ ನೋಡಿಕೊಂಡರೆ ಜನ ಸುಳ್ಳು ಹೇಳುತ್ತಾರಂತೆ. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ನನ್ನ ಗಿರಾಕಿಗಳೆಲ್ಲ ನನ್ನ ಮುಖ ನೋಡಿಕೊಂಡೇ ಮಾತಾಡುವವರು.

ಅಲ್ಲಿಗೇ ಮುಗಿಯಲಿಲ್ಲ. ಮನಸ್ಸಿನ ಡಾಕ್ಟರಾದರೆ ಮನಸ್ಸು ನೋಡಿಕೊಂಡು ಸುಮ್ಮನಿರಬೇಕು. ಇವಳು ಎಲ್ಲದಕ್ಕೂ ಮೂಗು ತೂರಿಸುತ್ತಿದ್ದಳು. ಎಷ್ಟು ಹೊತ್ತಿಗೆ ಏಳ್ತೀರಿ, ಏನು ತಿಂತೀರಿ, ಯಾರ ಪಕ್ಕ ಕೂತು ತಿಂತೀರಿ, ಮಲಬದ್ಧತೆ ಇದೆಯಾ, ದೇವರ ಮೇಲೆ ಸಿಟ್ಟಿದೆಯಾ. ಮೈ, ಮನಸ್ಸು, ಮನೆ, ಮೂರನ್ನೂ ಒಟ್ಟಿಗೆ ನೋಡದೆ ಇದ್ದರೆ ನೋಡಿದ ಹಾಗೇ ಅಲ್ಲ ಅನ್ನುವುದು ಅವಳ ವಾದ. ಸೊಸೆ ನನ್ನ ಒಡವೆ ಕದೀತಾಳೆ ಅಂತ ದಿನಾ ರಂಪ ಮಾಡುತ್ತಿದ್ದ ಒಬ್ಬ ಮುದುಕಿಯನ್ನು ಕರೆತಂದರು. ಇವಳು ಆ ಮುದುಕಿಗೆ ಕಣ್ಣಿನ ಪೊರೆ ತೆಗೆಸಿದಳು. ಕಣ್ಣು ಕಂಡ ಮೇಲೆ ಒಡವೆ ಎಲ್ಲಿದೆ ಅಂತಲೂ ಕಂಡಿತು, ರಂಪ ಅರ್ಧ ನಿಂತಿತು. ಕುಡಿಯುವವನೊಬ್ಬನ ಮನೆಗೇ ಹೋಗಿ ಕೂತು, ಆ ಮನೆಯಲ್ಲಿ ಅವನ ತಟ್ಟೆಯನ್ನು ಜಗಲಿಯಲ್ಲಿ ಬೇರೆ ಇಡುತ್ತಾರೆ ಅನ್ನುವುದನ್ನು ನೋಡಿಕೊಂಡು ಬಂದಳು. ಮೊದಲು ತಟ್ಟೆ ಒಳಗೆ ತನ್ನಿ, ಆಮೇಲೆ ಕುಡಿತದ ಮಾತು ಅಂದಳಂತೆ. ಮಾತ್ರೆ ಬೇಕಾದವರನ್ನು ಸರ್ಕಾರಿ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸುತ್ತಿದ್ದಳು. ವಾರದಲ್ಲಿ ಒಂದು ದಿನ ತರೀಕೆರೆ, ಇನ್ನೊಂದು ದಿನ ಅಜ್ಜಂಪುರ. ಮೂರು ಊರಿನ ಅಳು ನನ್ನ ಮೆಟ್ಟಿಲ ಮೇಲೆ ಇಳಿಯುತ್ತಿತ್ತು. ಕಣ್ಣೊರೆಸಿಕೊಂಡು ಇಳಿಯುವವರನ್ನು ನೋಡಿ, ಪೈಪು ಕೊಳ್ಳಲು ಬಂದವರು ನನ್ನ ಮನೆಯಲ್ಲಿ ಯಾರೋ ಹೋಗಿಬಿಟ್ಟರೇನೋ ಅಂತ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು.

ಇವಳ ಪೂರ್ವಾಪರ ತಿಳಿದುಕೊಂಡರೆ ಬಾಯಿ ಮುಚ್ಚಿಸಬಹುದು ಅಂತ ನಾನು ವಿಚಾರಿಸಲು ಶುರು ಮಾಡಿದೆ. ಹೇಮಾವತಿ ಲಕ್ಕವಳ್ಳಿಯವಳು. ನನ್ನ ಗಿರಾಕಿ ಕರಿಯಣ್ಣ ಅಲ್ಲಿನ ಡ್ಯಾಮಿನ ಆಫೀಸಿನಲ್ಲಿದ್ದು ರಿಟೈರಾದವನು. ಅವಳ ಅಪ್ಪ ಕಲ್ಲಪ್ಪ ಅವನ ಜೊತೆಯಲ್ಲೇ ಗೇಟಿನ ಕೆಲಸ ಮಾಡಿದವನಂತೆ. ಕರಿಯಣ್ಣನಿಗೆ ಟೀ ತರಿಸಿ ಕೂರಿಸಿಕೊಂಡು ಕೇಳಿದೆ.

"ಕಲ್ಲಪ್ಪನಾ? ಒಂದು ಮಳೆಗಾಲ ಡ್ಯೂಟಿ ಮುಗಿಸ್ಕೊಂಡು ಬಂದೋನು ಮಾತೇ ನಿಲ್ಲಿಸ್ಬಿಟ್ಟ ಕಣ್ರೀ" ಅಂದ ಕರಿಯಣ್ಣ. "ಗಾಳಿ ಸೋಕೈತೆ ಅಂದ್ರು. ಬೇವಿನ ಬರಲಲ್ಲಿ ಹೊಡೆದ್ರು, ಮೆಣಸಿನಕಾಯಿ ಹೊಗೆ ಹಾಕಿದ್ರು. ಈ ಹುಡುಗಿ ಆವಾಗ ಹೈಸ್ಕೂಲು, ಬಾಗಿಲ ಸಂದೀಲಿ ನಿಂತ್ಕೊಂಡು ನೋಡ್ತಿತ್ತು."

ನನಗೆ ಕಿವಿ ನೆಟ್ಟಗಾಯಿತು. ಹುಚ್ಚನ ಮಗಳು ಅನ್ನುವುದೊಂದು ಸಿಕ್ಕಿತಲ್ಲ! ಆದರೆ ಕರಿಯಣ್ಣ ಅಲ್ಲಿಗೆ ನಿಲ್ಲಿಸಬೇಕಲ್ಲ.

"ಆಮೇಲೆ ಬೆಂಗಳೂರಿಗೆ ಕರ್ಕೊಂಡೋದ್ರು. ಮಾತ್ರೆ ಕೊಟ್ರು, ನಿದ್ದೆ ಬಂತು, ಮಾತು ಬರ್ಲಿಲ್ಲ. ಕ್ವಾರ್ಟರ್ಸಲ್ಲಿ ಯಾರೂ ಅವನ ಜೊತೆ ಕೂರ್ತಿರ್ಲಿಲ್ಲ, ನಾನೂ ಕೂರ್ಲಿಲ್ಲ. ಹೆಂಡ್ತಿ ಅಂಜಿನಮ್ಮ ಹೋಟ್ಲಿಗೆ ಅವರೆಕಾಳು ಹಿದುಕಿ ಕೊಡೋಳು. ಗಂಡನ್ನ ಮಕ್ಕಳನ್ನ ಎಲ್ಲಾ ಒಂದೇ ಪಾತ್ರೆ ಸುತ್ತ ಕೂರಿಸ್ಕೊಂಡು ಹಿದುಕ್ಸೋಳು. ಯಾರೂ ಅವನ್ನ ಮಾತಾಡು ಅಂತ ಅನ್ನಂಗಿಲ್ಲ. ಹಂಗೇ ಇದ್ದು ಇದ್ದು ಒಂದಿನ ಸಂಜೆ, 'ಈ ಕಾಳಿಗೆ ಹುಳ ಬಿದ್ದೈತೆ' ಅಂದನಂತೆ. ಅದೇ ಮೊದಲ್ನೇ ಮಾತು! ಆಮೇಲೆ ರಿಟೈರಾಗೋವರೆಗೂ ಡ್ಯೂಟಿ ಮಾಡ್ದ ಕಣ್ರೀ."

ಬೈಯಲಿ ಅಂತ ಟೀ ಕುಡಿಸಿದರೆ ಈತ ಕಣ್ಣಲ್ಲಿ ನೀರು ತಂದುಕೊಂಡು ಕೂತ. ಉಳಿದದ್ದನ್ನು ನಾನೇ ಬೇರೆಯವರಿಂದ ಹೆಕ್ಕಿದೆ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎಸ್.ಡಬ್ಲ್ಯೂ. ಓದಿದ್ದಾಳೆ. ಅಪ್ಪನಿಗೆ ಮಾತ್ರೆ ಕೊಟ್ಟ ಊರಲ್ಲೇ ತರಬೇತಿ ಪಡೆದಿದ್ದಾಳೆ. ಭದ್ರಾವತಿಯ ಒಬ್ಬ ಲೆಕ್ಚರರನ್ನು ಮದುವೆಯಾಗಿದ್ದಳು. ಹುಚ್ಚರ ಸಹವಾಸ ಬಿಡು, ಇಲ್ಲ ನನ್ನನ್ನು ಬಿಡು ಅಂದನಂತೆ ಅವನು. ಇವಳು ಅವನನ್ನು ಬಿಟ್ಟಳು. ನನಗೆ ಬೇಕಾದದ್ದು ಸಿಕ್ಕಿತು. ಮಾರನೆಯ ದಿನ ಅವಳು ಮೆಟ್ಟಿಲು ಹತ್ತುವಾಗ ಅಂಗಡಿಯಿಂದಲೇ, ಗಿರಾಕಿಗಳ ಎದುರಿಗೇ ಕೇಳಿದೆ.

"ಗಂಡನ್ನ ಬಿಟ್ಟು ಬಂದೋಳು ಬೇರೆಯೋರ ಸಂಸಾರ ಏನು ರಿಪೇರಿ ಮಾಡ್ತೀಯಮ್ಮಾ?"

ಅವಳು ನಿಂತಳು. ಮುಖ ಕೆಂಪಾಯಿತು. "ನಾನು ರಿಪೇರಿ ಮಾಡಲ್ಲ ಅಣ್ಣ. ಅದು ನಿಮ್ಮ ಅಂಗಡಿ ಕೆಲಸ" ಅಂದು ಹತ್ತಿ ಹೋದಳು. ಗಿರಾಕಿಗಳು ನಕ್ಕರು. ನನ್ನ ಅಂಗಡಿಯಲ್ಲಿ ನಿಂತು ನನ್ನನ್ನೇ ನೋಡಿ ನಕ್ಕರು.

ಇಷ್ಟೇ ಆಗಿದ್ದರೆ ನಾನು ಸಹಿಸುತ್ತಿದ್ದೆನೋ ಏನೋ. ನನ್ನ ಹೆಂಡತಿ ಮಲ್ಲಿಕಾಂಬ ಹಿತ್ತಲ ಕಡೆಯ ಮೆಟ್ಟಿಲಿಂದ ಮೇಲೆ ಹೋಗುತ್ತಾಳೆ ಅಂತ ಗೊತ್ತಾದ ದಿನ ಮಾತ್ರ ನನ್ನ ರಕ್ತ ಕುದಿಯಿತು. ಅದನ್ನು ಹೇಳಿದವನೂ ಆ ಬೇಕರಿಯವನೇ, ಅದೂ ಶುಭ ಸಮಾಚಾರ ಹೇಳುವ ಹಾಗೆ. "ಅತ್ತಿಗೆ ಈಗ ಪರವಾಗಿಲ್ಲ ಅಲ್ವಾ ಅಣ್ಣ? ಮೇಲೆ ಹೋಗ್ತಾ ಬರ್ತಾ ಇದಾರಲ್ಲ" ಅಂದ.

ಮಲ್ಲಿಕಾಂಬಳಿಗೆ ತಲೆನೋವು. ಇವತ್ತು ನಿನ್ನೆಯದಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದೇನೆ, ಕಣ್ಣು ತೋರಿಸಿದ್ದೇನೆ, ಹಲ್ಲು ಕೀಳಿಸಿದ್ದೇನೆ. ಎಲ್ಲ ನಾರ್ಮಲ್ ಅಂತಲೇ ಬರುತ್ತಿತ್ತು. ನಾರ್ಮಲ್ ಆದವಳು ಕತ್ತಲೆ ಕೋಣೆಯಲ್ಲಿ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದರೆ ನಾನೇನು ಮಾಡಲಿ?

"ಮೇಲೆ ಹೋಗಿ ನನ್ ಮೇಲೆ ಏನೇನು ಚಾಡಿ ಹೇಳ್ತೀಯೇ?" ಅಂತ ಕೇಳಿದೆ.

"ಅವರೆಕಾಳು ಹಿದುಕ್ತೀನಿ" ಅಂದಳು.

"ಆಮೇಲೆ?"

"ಅವ್ವನ್ನ ನೋಡ್ಬೇಕು ಅಂತೀನಿ."

ಮತ್ತೆ ಅದೇ ರಾಗ. ಅವಳ ತವರು ಅಂತರಘಟ್ಟೆ ಕಡೆಯ ಒಂದು ಹಳ್ಳಿ. ಆ ಮನೆಯ ಹೊಸ್ತಿಲನ್ನು ನಮ್ಮ ಮನೆಯವರು ತುಳಿಯಬಾರದು ಅಂತ ನಾನು ಆಣೆ ಇಟ್ಟಿದ್ದೇನೆ, ಇಟ್ಟಿದ್ದಕ್ಕೆ ಕಾರಣವೂ ಇದೆ. ಅವಳ ಅಣ್ಣ ಪಂಚಾಕ್ಷರಪ್ಪನ ಮಗಳ ಮದುವೆ. ಮನೆಯ ಹಿರಿಯ ಅಳಿಯ ನಾನು. ವೀಳ್ಯದ ತಟ್ಟೆ ಮೊದಲು ಹಿಡಿಯಬೇಕಾದದ್ದು ಹಿರಿಯ ಅಳಿಯನ ಮುಂದೆ. ಪಂಚಾಕ್ಷರಪ್ಪ ನನ್ನನ್ನು ದಾಟಿ ಹೋಗಿ ಕಿರಿಯ ಅಳಿಯನ ಮುಂದೆ ಹಿಡಿದ, ಅವನು ಸರ್ಕಾರಿ ಇಂಜಿನಿಯರ್ ಅಂತ. ಇಡೀ ಚಪ್ಪರ ನೋಡುತ್ತಿತ್ತು. ನಾನು ಎದ್ದೆ. ಊಟಕ್ಕೆ ಕೂತಿದ್ದ ಮಲ್ಲಿಕಾಂಬಳನ್ನು ಎಂಜಲು ಕೈಯಲ್ಲೇ ಎಬ್ಬಿಸಿಕೊಂಡು ಹೊರಟೆ. ಸೀದಾ ನಮ್ಮೂರಿನ ವೀರಭದ್ರ ದೇವರ ಗುಡಿಗೆ ಹೋಗಿ, ಉರಿಯುವ ಕರ್ಪೂರವನ್ನು ಬರಿಗೈಯಲ್ಲಿ ಆರಿಸಿ ಹೇಳಿದೆ. ನನ್ನ ಮನೆಯವರು ಯಾರಾದರೂ ಆ ಹೊಸ್ತಿಲು ತುಳಿದರೆ ನನ್ನ ಹೆಣ ಬೀಳಲಿ.

ಕರ್ಪೂರ ಆರಿಸಿ ಆಡಿದ ಮಾತು ನಮ್ಮ ಕಡೆ ಹುಡುಗಾಟವಲ್ಲ. ಬಿಡಿಸಬೇಕಾದರೆ ಆಣೆ ಇಟ್ಟವನೇ ಅದೇ ದೇವರ ಮುಂದೆ ಹೋಗಿ, ತಪ್ಪಾಯಿತು ಅಂತ ತಪ್ಪುಕಾಣಿಕೆ ಕಟ್ಟಿ ಬಿಡಿಸಿಕೊಳ್ಳಬೇಕು. ಬೇರೆ ಯಾರಿಂದಲೂ ಆಗದು. ನಾನು ಯಾಕೆ ಬಿಡಿಸಲಿ? ತಪ್ಪು ಮಾಡಿದವನು ತಟ್ಟೆ ಹಿಡಿದವನು. ನನ್ನ ಮಗಳ ಮದುವೆಯಲ್ಲಿ ಸೋದರಮಾವ ಮಾಡಬೇಕಾದ ಶಾಸ್ತ್ರವನ್ನೂ ಬೇರೆಯವರ ಕೈಲಿ ಮಾಡಿಸಿದೆ, ಮಣಿಯಲಿಲ್ಲ. ಮಲ್ಲಿಕಾಂಬ ಆವತ್ತು ಹಣೆಗೆ ಬಟ್ಟೆ ಕಟ್ಟಿಕೊಂಡೇ ಧಾರೆ ಎರೆದಳು.

ನಾನು ಮೇಲೆ ಹೋಗಿ ಹೇಮಾವತಿಯನ್ನು ಕೇಳಿದೆ. ನನ್ನ ಹೆಂಡತಿ ನಿನ್ನ ಹತ್ತಿರ ಏನು ಹೇಳುತ್ತಾಳೆ, ನೀನು ಅವಳಿಗೆ ಏನು ಕಿವಿ ಊದುತ್ತೀಯ, ಎರಡನ್ನೂ ಹೇಳು ಅಂದೆ.

"ಅಕ್ಕ ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಣ್ಣ. ನೀವು ಬಂದು ಹೇಳಿದ್ರೂ ಹಂಗೇ" ಅಂದಳು.

"ಅವಳು ನನ್ನ ಹೆಂಡ್ತಿ."

"ಹೌದು. ಅವರನ್ನೇ ಕೇಳಿ." ಮತ್ತೆ, "ಗೌರಿ ಹಬ್ಬ, ಪಂಚಮಿ ಬಂದಾಗ ತಲೆನೋವು ಜೋರಾಗುತ್ತೆ, ಗಮನಿಸಿದೀರಾ?" ಅಂದಳು.

ನಾನೇನು ಪಂಚಾಂಗ ಹಿಡಿದುಕೊಂಡು ಹೆಂಡತಿಯ ತಲೆ ನೋಡುತ್ತಾ ಕೂರಲೇ? ಬಾಗಿಲು ದಢಾರನೆ ಎಳೆದುಕೊಂಡು ಬಂದೆ.

ಯೋಚಿಸಿದೆ. ನಮ್ಮ ಜನಕ್ಕೆ ಜಗಳ ಬಂದರೆ ಹೇಗೆ ತೀರಿಸಿಕೊಳ್ಳಬೇಕು ಅಂತ ಗೊತ್ತು. ಮಠದ ಮುಂದೆ ಆಗಲಿ, ಊರ ಚಾವಡಿಯಲ್ಲಾಗಲಿ, ಎರಡೂ ಕಡೆಯವರು ನಾಲ್ಕು ಜನ ಹಿರಿಯರನ್ನು ಇಟ್ಟುಕೊಂಡು ನಿಲ್ಲಬೇಕು, ಅವರು ಇವರು ಹೇಳಬೇಕು, ತೀರ್ಪಾಗಬೇಕು. ಇವಳೇನು ಕದ ಹಾಕಿಕೊಂಡು ಒಂದೇ ಕಡೆಯ ಮಾತು ಕೇಳುವುದು? ಅವಳ ಕಟ್ಟೆಯಲ್ಲೇ ಪಂಚಾಯ್ತಿ ಆಗಿಹೋಗಲಿ ಅಂತ ತೀರ್ಮಾನಿಸಿ, ಮಲ್ಲಿಕಾಂಬ ಮೇಲೆ ಹೋದ ದಿನವನ್ನೇ ನೋಡಿಕೊಂಡು ಜನ ಕಟ್ಟಿಕೊಂಡು ಹತ್ತಿದೆ. ನಮ್ಮ ದೂರದ ಸಂಬಂಧಿ, ಸೊಸೈಟಿ ಅಧ್ಯಕ್ಷ ಬಸವೇಶ್. ಕರಿಯಣ್ಣ. ರುದ್ರಮೂರ್ತಿ. ಬಸವೇಶ್ ಪಂಚಾಯ್ತಿಗೆ ಅಂತ ಇಸ್ತ್ರಿ ಹಾಕಿದ ಪಂಚೆ ಉಟ್ಟು ಬಂದಿದ್ದ.

ಬಾಗಿಲು ತೆಗೆದ ಹೇಮಾವತಿ ನಮ್ಮನ್ನು ನೋಡಿ ಬೆಚ್ಚಿದ್ದು ನಿಜ, ಅದರಲ್ಲಿ ನನಗೆ ಸಂತೋಷವಾದದ್ದೂ ನಿಜ. ಒಳಗೆ ತಿರುಗಿ, "ಅಕ್ಕ, ಇವರು ಬರಬೌದಾ? ನೀವು ಬೇಡ ಅಂದ್ರೆ ಕಳಿಸ್ತೀನಿ" ಅಂತ ನನ್ನ ಹೆಂಡತಿಯ ಅಪ್ಪಣೆ ಕೇಳಿದಳು. ನನ್ನ ಕೋಣೆಗೆ ನಾನು ಹೋಗಲು ನನ್ನ ಹೆಂಡತಿಯ ಅಪ್ಪಣೆ! ಮಲ್ಲಿಕಾಂಬ ನಮ್ಮನ್ನು ನೋಡಿ, "ಬರ್ಲಿ" ಅಂದಳು.

"ಇಲ್ಲಿ ತೀರ್ಪು ಕೊಡಲ್ಲ ಅಣ್ಣ. ಕೂತ್ಕೊಳಿ" ಅಂದು ಹೇಮಾವತಿ ಚಾಪೆ ಹಾಸಿ, ಹಿರಿಯರು ಅಂತಲೂ ನೋಡದೆ ಎಲ್ಲರ ಮುಂದೆ ಅವರೆಕಾಳಿನ ಪಾತ್ರೆ ಇಟ್ಟಳು. ನಾನು ಕೈ ಕಟ್ಟಿ ಕೂತೆ. ಆ ಮೂವರು ದಡ್ಡರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿದುಕಲು ಶುರು ಮಾಡಿದರು. ನಾನು ನನ್ನ ಕಡೆಯ ಮಾತನ್ನು ಹೇಗೆ ಎತ್ತಲಿ ಅಂತ ಜೋಡಿಸಿಕೊಳ್ಳುತ್ತಿರುವಾಗಲೇ ಬಸವೇಶ್ ಗಂಟಲು ಸರಿ ಮಾಡಿಕೊಂಡ. ವಾದ ಎತ್ತುತ್ತಾನೆ ಅಂದುಕೊಂಡೆ.

"ಅಲ್ಲಮ್ಮಾ, ಮೀಟಿಂಗಲ್ಲಿ ಮೈಕ್ ಹಿಡಿದ್ರೆ ನಂಗೆ ಎದೆ ಡವಡವ ಅಂತೈತೆ. ಕೈ ಬೆವರುತ್ತೆ. ಇದೂ ಒಂದು ಕಾಯ್ಲೇನಾ?" ಅಂದ.

ನಾನು ದಂಗಾಗಿ ಹೋದೆ. ಅವನು ಹೇಳಿದ್ದೇ ತಡ ರುದ್ರಮೂರ್ತಿ, ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡ ಮೇಲೆ ತನಗೆ ಊಟ ಇಳಿಯುವುದಿಲ್ಲ ಅಂದ. ಕರಿಯಣ್ಣ, ತಾನು ಕಲ್ಲಪ್ಪನ ಪಕ್ಕ ಅವತ್ತು ಕೂರಲಿಲ್ಲ ಅಂತ ಹೇಮಾವತಿಯ ಮುಂದೆ ಮೂಗು ಸೀಟಿದ. ನನ್ನ ಪರ ಸಾಕ್ಷಿ ಹೇಳಲು ಬಂದವರು ರೋಗಿಗಳಾಗಿ ಕೂತುಬಿಟ್ಟರು.

"ನೀವ್ಯಾಕ್ರಯ್ಯಾ ಬಂದಿರೋದು?" ಅಂತ ಗದರಿಸಿ, ನಾನೇ ವೀಳ್ಯದಿಂದ ಶುರು ಮಾಡಿ ಕರ್ಪೂರದವರೆಗೆ ಎಲ್ಲ ಹೇಳಿದೆ. ಹೇಳಿ ಮುಗಿಸಿ, "ಈಗ ಇವಳು ಹೇಳ್ಲಿ" ಅಂದೆ.

ಮಲ್ಲಿಕಾಂಬ ಪಾತ್ರೆಯಿಂದ ಕಣ್ಣೆತ್ತಲಿಲ್ಲ. "ಅವ್ವಂಗೆ ವಯಸ್ಸಾಯ್ತು. ನಾನು ಹೋಗೋದ್ರೊಳಗೆ ಹೋಗ್ಬಿಡ್ತಾಳೇನೋ ಅಂತ ಒಂದು ಭಯ. ಹೋದ್ರೆ ಇವರಿಗೆ ಏನಾದ್ರೂ ಆಗ್ಬಿಡುತ್ತೆ ಅಂತ ಇನ್ನೊಂದು ಭಯ. ಎರಡೂ ಇಲ್ಲೇ ಕೂತವೆ" ಅಂದು ಒದ್ದೆ ಕೈಯಿಂದ ಹಣೆ ಮುಟ್ಟಿಕೊಂಡಳು.

ನಿಜ ಹೇಳಬೇಕೆಂದರೆ ಆಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ನನ್ನ ಮಾತಿಗೆ ಹೆದರಿ ಇದ್ದಾಳೆ ಅಂದುಕೊಂಡಿದ್ದೆ. ನನ್ನ ಜೀವಕ್ಕೆ ಹೆದರಿ ಇದ್ದಾಳೆ ಅಂತ ನಾಲ್ಕು ಜನರ ಮುಂದೆ ಹೇಳಿದಳು. ಯಾವ ಗಂಡಸಿಗೆ ಬೇಡ?

"ಬಿಡಿಸ್ಕೊಂಡ್ಬಿಡೋ ಜಯದೇವ" ಅಂದ ಬಸವೇಶ್. "ಒಂದು ತಪ್ಪುಕಾಣಿಕೆ ಕಟ್ಟಿ ಬಂದ್ರೆ ಮುಗೀತು. ಪಾಪ, ಹೆಣ್ಮಗಳು."

"ತಪ್ಪಾಯ್ತು ಅಂತ ನಾನು ಹೇಳ್ಬೇಕಾ? ಆ ಪಂಚಾಕ್ಷರಪ್ಪ ತಟ್ಟೆ ತಂದು ನನ್ ಮುಂದೆ ಹಿಡೀಲಿ, ನೋಡಣ" ಅಂದೆ.

ಹೇಮಾವತಿ ಕಾಳಿನ ಪಾತ್ರೆ ಪಕ್ಕಕ್ಕೆ ಸರಿಸಿದಳು. "ಅಣ್ಣ, ಆಣೆ ಇಡೋ ಮುಂಚೆ ಅಕ್ಕನ್ನ ಕೇಳಿದ್ರಾ?" ಅಂದಳು, ಅಷ್ಟೇ.

ಆಣೆ ಇಡುವ ಗಂಡಸು ಹೆಂಡತಿಯನ್ನು ಕೇಳಿ ಇಡುವ ಪದ್ಧತಿ ಯಾವ ಊರಲ್ಲಿದೆ? ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಈ ತಿಂಗಳು ಮುಗಿಯುವುದರೊಳಗೆ ಕೋಣೆ ಖಾಲಿ ಮಾಡು ಅಂದೆ. ಆಗಲಿ ಅಣ್ಣ ಅಂದಳು. ಅದರಲ್ಲಾದರೂ ಒಂದು ಜಗಳ ಆಡಬಾರದಿತ್ತೇ? ಆ ಮೂವರು ನನ್ನ ಜೊತೆ ಇಳಿದು ಬರಲಿಲ್ಲ. ಪಾತ್ರೆಯಲ್ಲಿದ್ದ ಕಾಳು ಮುಗಿಸಿಯೇ ಬಂದರು.

ತಿಂಗಳ ಕೊನೆಗೆ ಅವಳ ಚಾಪೆ, ಪಾತ್ರೆಗಳೆಲ್ಲ ಗೋಣಿಚೀಲ ಸೇರಿದವು. ತರೀಕೆರೆಯಲ್ಲಿ ಯಾರೋ ಜಾಗ ಕೊಟ್ಟರಂತೆ. ಅವಳು ಹೊರಡಬೇಕಾದ ದಿನದ ಬೆಳಗ್ಗೆಯೇ ಪಂಚಾಕ್ಷರಪ್ಪನ ಹೆಂಡತಿ ಸುಮನಾ ಫೋನು ಮಾಡಿದಳು. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಊಟ ಬಿಟ್ಟಿದ್ದಾರೆ, ಒಮ್ಮೆ ಬಂದು ಹೋಗಿ ಅಂತ. ಮಲ್ಲಿಕಾಂಬ ಒಳಗೆ ಹೋದಳು, ಹಿತ್ತಲಿಗೆ ಹೋದಳು, ಮೇಲೆ ಹೇಮಾವತಿಯ ಹತ್ತಿರ ಹೋಗಿ ಬಂದು ಬ್ಯಾಗು ಹಿಡಿದುಕೊಂಡು ನನ್ನ ಮುಂದೆ ನಿಂತಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು.

"ಅವ್ವನ್ನ ನೋಡ್ಕೊಂಡು ಬತ್ತೀನಿ" ಅಂದಳು.

"ನನ್ ಆಣೆ ಐತೆ."

"ಆಣೆ ನಿಮ್ದು. ಅವ್ವ ನಂದು."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ಎದುರಾಡಿದ ಮಾತು ಅದೊಂದೇ. ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಗಂಡನನ್ನು ಕೇಳುವ ಅಗತ್ಯವೂ ಇಲ್ಲ. ಬೀರೂರಿನ ಕಡೆ ಹೋಗುವ ಬಸ್ಸು ಹತ್ತಿದಳು. ನಾನು ಕೌಂಟರಿನ ಹಿಂದೆ ನಿಂತು ಬಸ್ಸಿನ ಹಿಂಭಾಗ ನೋಡಿದೆ. ಹೋಗಿ ತಡೆಯಬೇಕು ಅನ್ನಿಸಿತು, ಜನ ನೋಡುತ್ತಾರಲ್ಲ ಅಂತ ನಿಂತೆ.

ಸ್ವಲ್ಪ ಹೊತ್ತಿಗೆ ಹೇಮಾವತಿ ಮೇಲಿಂದ ಇಳಿದು ಬಂದು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತಳು.

"ನಿನ್ನ ಗಾಡಿ ಯಾವಾಗ ಬರುತ್ತೆ?" ಅಂದೆ.

"ನಾಳೆ ಬಾ ಅಂದೆ ಅಣ್ಣ."

"ಇವತ್ತು ಖಾಲಿ ಮಾಡ್ಬೇಕಿತ್ತು. ನನ್ ಹೆಂಡ್ತಿ ತಲೆ ಕೆಡ್ಸಿ ಕಳ್ಸಿದ್ದೂ ಆಯ್ತು, ಇನ್ನೇನು ನೋಡೋಕೆ ಕೂತಿದೀಯ?"

"ನಾನು ಕಳಿಸ್ಲಿಲ್ಲ. ಹೋಗಿ ಅಂತಲೂ ಅನ್ಲಿಲ್ಲ, ಬೇಡ ಅಂತಲೂ ಅನ್ಲಿಲ್ಲ." ಹೇಳಲೋ ಬೇಡವೋ ಅನ್ನುವ ಹಾಗೆ ನನ್ನನ್ನು ನೋಡಿದಳು. "ಇದನ್ನ ನಿಮಗೆ ಹೇಳು ಅಂತ ಅಕ್ಕನೇ ಅಂದಿದಾರೆ, ಅದಕ್ಕೆ ಹೇಳ್ತೀನಿ. 'ನಾನು ಬರೋವರೆಗೂ ಇವರ ಹತ್ರ ಕೂತಿರು, ಏನಾದ್ರೂ ಆದ್ರೆ ಒಬ್ಬರೇ ಇರಬಾರದು' ಅಂದ್ರು. ಕೂತಿದೀನಿ."

ಎದ್ದು ಹೋಗು ಅಂದೆ. ಹೋಗಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ, ಅವಳ ಅಪ್ಪನನ್ನೂ ಸೇರಿಸಿ. ಅವಳ ಕಣ್ಣಲ್ಲಿ ನೀರು ಬಂತು, ಆದರೆ ಜಾಗ ಬಿಟ್ಟು ಅಲ್ಲಾಡಲಿಲ್ಲ. ಗಿರಾಕಿಗಳು ಬಂದರು, ಹೋದರು. ಬಸ್ಸು ಈಗ ಅಜ್ಜಂಪುರ ತಲುಪಿರಬೇಕು, ಈಗ ಆಟೋ ಹತ್ತಿರಬೇಕು, ಈಗ ಊರ ಬಾಗಿಲು ಅಂತ ನನ್ನ ತಲೆ ತಾನಾಗಿ ಮಲ್ಲಿಕಾಂಬಳ ಹಿಂದೆ ಹೋಗುತ್ತಿತ್ತು. ಈಗ ಹೊಸ್ತಿಲು ಅನ್ನಿಸಿದ ಹೊತ್ತಿಗೆ ನನ್ನ ಎದೆ ಹಿಡಿದುಕೊಂಡಿತು. ಎಡಗೈ ಜೋಮು ಹಿಡಿಯಿತು, ಬೆವರು ಇಳಿಯಿತು. ವೀರಭದ್ರ ಸುಳ್ಳಾಡುವುದಿಲ್ಲ, ಬಂತು ಅಂದುಕೊಂಡೆ.

ಹೇಮಾವತಿ ಓಡಿ ಬಂದು ಹಿಡಿದುಕೊಂಡಳು. "ಮೊದಲು ಮೈ ನೋಡ್ಸಣ ಅಣ್ಣ, ಮಿಕ್ಕಿದ್ದು ಆಮೇಲೆ" ಅಂದು ರುದ್ರಮೂರ್ತಿಯ ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದಳು. ಇ.ಸಿ.ಜಿ. ತೆಗೆದರು, ರಕ್ತ ತೆಗೆದರು, ಮಧ್ಯಾಹ್ನವೆಲ್ಲ ಮಲಗಿಸಿಕೊಂಡು ಮತ್ತೊಮ್ಮೆ ನೋಡಿದರು. ಕೊನೆಗೆ ಡಾಕ್ಟರು ಎಲ್ಲ ನಾರ್ಮಲ್ ಅಂದರು. ಆ ಮಾತು ಕೇಳಿದರೆ ಎಷ್ಟು ಸಿಟ್ಟು ಬರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ನೋವು ನನ್ನ ಎದೆಯಲ್ಲಿದೆ, ಕಾಗದದಲ್ಲಿ ನಾರ್ಮಲ್!

ವಾಪಸು ಅಂಗಡಿಗೆ ಬಂದ ಮೇಲೆ ಹೇಮಾವತಿ, "ಎರಡೂ ಪಾದ ನೆಲಕ್ಕೆ ಊರಿ ಅಣ್ಣ. ಉಸಿರು ನಿಧಾನಕ್ಕೆ ಬಿಡಿ" ಅಂದಳು. ಬೈದುಕೊಂಡೇ ಊರಿದೆ, ಬೈದುಕೊಂಡೇ ಬಿಟ್ಟೆ. ಎದೆ ಸ್ವಲ್ಪ ಸಡಿಲವಾಯಿತು. ಅದಕ್ಕೂ ನನಗೆ ಅವಳ ಮೇಲೆ ಕೋಪವೇ ಬಂತು.

ದೀಪ ಹಚ್ಚುವ ಹೊತ್ತಿಗೆ ಮಲ್ಲಿಕಾಂಬಳ ಫೋನು ಬಂತು. ನಾನು ಎತ್ತಿದೆ.

"ಅವ್ವ ನನ್ನ ಗುರುತು ಹಿಡೀಲಿಲ್ಲ ಕಣ್ರೀ" ಅಂದಳು. "ಯಾರ ಮನೆ ಸೊಸೆ ತಾಯಿ ನೀನು ಅಂತ ಕೇಳಿದ್ಳು. ಹೋದ ದೀಪಾವಳಿವರೆಗೂ ಜ್ಞಾಪಕ ಇತ್ತಂತೆ. ಮಲ್ಲಿ ಬಂದ್ಳಾ, ಮಲ್ಲಿ ಬಂದ್ಳಾ ಅಂತ ಬಾಗ್ಲಲ್ಲೇ ಕೂತಿರೋಳಂತೆ."

ಬೆಂಚಿನ ಮೇಲಿದ್ದ ಹೇಮಾವತಿ ನನ್ನ ಮುಖ ನೋಡಿ, ಎದ್ದು ಹೊರಗೆ ಹೋಗಿ ರಸ್ತೆಯ ಕಡೆ ತಿರುಗಿ ನಿಂತಳು.

"ನೀವು ಹೆಂಗಿದೀರಿ?" ಅಂದಳು ಮಲ್ಲಿಕಾಂಬ.

"ಚೆನ್ನಾಗಿದೀನಿ."

"ನಾನು ಬೆಳಗ್ಗೇನೇ ಹೊಸ್ತಿಲು ದಾಟಿದೆ ಕಣ್ರೀ. ನಿಮಗೆ ಏನೂ ಆಗ್ಲಿಲ್ವಾ?"

"ಏನೂ ಆಗ್ಲಿಲ್ಲ ಕಣೇ" ಅಂದೆ.

"ಹಂಗಾದ್ರೆ ಹೋದ ದೀಪಾವಳಿಗೇ ಬರ್ಬೌದಿತ್ತು" ಅಂದಳು. ಆಮೇಲೆ ಸದ್ದೇ ಇಲ್ಲ. ಲೈನು ಕಟ್ಟಾಯಿತೇನೋ ಅಂತ ಕಿವಿಗೊಟ್ಟೆ. ಕಟ್ಟಾಗಿರಲಿಲ್ಲ. ಅಳುತ್ತಿದ್ದಳು. ನಾನು ಬದುಕಿದ್ದೇನೆ ಅಂತ ನನ್ನ ಹೆಂಡತಿ ಅಳುತ್ತಿದ್ದಳು.